ಆರು ಉಸಿರಿನ ಎಂಜಿನ್

"ನನ್ನ ಎಂಜಿನ್ ಬಿಚ್ಚಿದವನು ಯಾರು?" ಎಂದು ಹೊರೇಸ್ ಕೇಳಿದಾಗ ಚರ್ಚಿನ ಸಭಾಂಗಣದಲ್ಲಿ ಮೇಜು ಜೋಡಿಸುತ್ತಿದ್ದವರೆಲ್ಲ ತಲೆ ತಗ್ಗಿಸಿದರು. ಡಾರ್ಲಿಂಗ್ಟನ್ನಿನ ಆ ಮಾದರಿ ರೈಲು ಕ್ಲಬ್ಬಿನ ವಾರ್ಷಿಕ ಪ್ರದರ್ಶನಕ್ಕೆ ಬಾಗಿಲು ತೆರೆಯಲು ಇನ್ನು ಅರ್ಧ ಗಂಟೆಯಿತ್ತು. ಮೇಜಿನ ಮೇಲಿನ ಪುಟ್ಟ ಹಳಿಯಲ್ಲಿ ಗೇಣುದ್ದದ ಹಸಿರು ಉಗಿ ಎಂಜಿನ್ ನಿಂತಿತ್ತು. ಅದು ಬುಸುಗುಡುತ್ತಿರುವುದು ಎಂಬತ್ತಾರರ ಹೊರೇಸ್‌ಗೆ ಗೊತ್ತಿರಲಿಲ್ಲ. ಅವನ ಎರಡೂ ಕಿವಿ ಹೋಗಿ ಎಷ್ಟೋ ವರ್ಷವಾಗಿತ್ತು. ಅವನ ಕಣ್ಣಿಗೆ ಬಿದ್ದದ್ದು ಎಂಜಿನ್ನಿನ ಹಿಂದಿನ ಟೆಂಡರು, ಕಲ್ಲಿದ್ದಲು ತುಂಬುವ ಗಾಡಿ. ಅದರಲ್ಲಿ ಈಗ ಕಲ್ಲಿದ್ದಲಿನ ಜಾಗಕ್ಕೆ ಮಿರಮಿರ ಮಿಂಚುವ ಪ್ಲಾಸ್ಟಿಕ್ ಮುಚ್ಚಳ ಇತ್ತು.

ಕ್ಲೈವ್ ಮುಂದೆ ಬಂದ. ಕ್ಲಬ್ಬಿನ ಕಾರ್ಯದರ್ಶಿ, ಐವತ್ತರ ಆಸುಪಾಸಿನವನು, ಕೇಳದೆಯೇ ಉಪಕಾರ ಮಾಡುವ ಚಪಲದವನು. ತುಟಿ ನೋಡಿ ಮಾತು ತಿಳಿಯುವ ಮುದುಕನಿಗಾಗಿ ಬಾಯಿ ಅಗಲಿಸಿ ಹೇಳಿದ:

"ಸರ್‌ಪ್ರೈಸ್ ಯಜಮಾನ್ರೇ. ನಿಮ್ಮ ಎಂಜಿನ್ನಿಗೆ ಸದ್ದು ಹಾಕಿದೀನಿ. ಡಿಜಿಟಲ್ ಡಿಕೋಡರ್. ಚಕ್ರ ತಿರುಗಿದ ಹಾಗೇ ಬುಸ್ ಬುಸ್ ಅನ್ನತ್ತೆ, ಸೀಟಿ ಹೊಡೆಯತ್ತೆ. ಸ್ಪೀಕರ್ ಟೆಂಡರಿನೊಳಗೇ ಕೂರಿಸಿದೆ."

"ಯಾರಿಗೆ? ನನಗಾ?"

"ಜನಕ್ಕೆ. ಈಗಿನ ಮಕ್ಕಳು ಮೂಕ ಎಂಜಿನ್ ಮುಂದೆ ಒಂದು ನಿಮಿಷ ನಿಲ್ಲಲ್ಲ."

"ನನ್ನನ್ನೊಂದು ಮಾತು ಕೇಳಬೇಕು ಅನ್ನಿಸಲಿಲ್ವಾ?"

"ಕೇಳಿದ್ರೆ ಬೇಡ ಅಂತಿದ್ರಿ."

"ಅಂದ್ರೆ ಉತ್ತರ ಗೊತ್ತಿತ್ತಲ್ಲೋ ನಿನಗೆ."

ಪ್ರದರ್ಶನಕ್ಕೆ ಎರಡು ದಿನ ಮುಂಚೆ ಎಲ್ಲರೂ ತಮ್ಮ ಎಂಜಿನ್ನುಗಳನ್ನು ಕ್ಲಬ್ಬಿನ ಕಪಾಟಿಗೆ ಒಪ್ಪಿಸಬೇಕು; ಒಬ್ಬರ ಎಂಜಿನ್ನನ್ನು ಇನ್ನೊಬ್ಬರು ಹೇಳದೆ ಕೇಳದೆ ಮುಟ್ಟಬಾರದು. ಇದು ಅಲ್ಲಿಯ ಕಟ್ಟಳೆ. ಅದನ್ನು ದಪ್ಪಕ್ಷರದಲ್ಲಿ ಬರೆದು ಕಪಾಟಿನ ಬಾಗಿಲಿಗೆ ಅಂಟಿಸಿದವನು ಈ ಕ್ಲೈವನೇ.

"ಕಲ್ಲಿದ್ದಲು ಎಲ್ಲಿ?" ಎಂದ ಹೊರೇಸ್.

"ಆ ಪುಡಿನಾ? ಸ್ಪೀಕರಿಗೆ ಜಾಗ ಬೇಕಿತ್ತು, ಕೆರೆದು ಬಿಸಾಕಿದೆ. ಬೂದಿ ಬಡಿದಂಗಿತ್ತು ಬಿಡಿ."

ಹೊರೇಸ್‌ಗೆ ಮೈಯೆಲ್ಲ ಉರಿದುಹೋಯಿತು. ಈ ಮಾದರಿಗೆ ಮೂಲವಾದ ನಿಜವಾದ ಎಂಜಿನ್ನಿನ ಒಲೆಗೆ ಹತ್ತು ವರ್ಷ ಸಲಿಕೆಯಲ್ಲಿ ಕಲ್ಲಿದ್ದಲು ಎರಚಿದವನು ಅವನು. ಅವನ ಕಿವಿ ತಿಂದದ್ದೂ ಅದೇ ಎಂಜಿನ್ನು. ಅದನ್ನು ಗುಜರಿಗೆ ಎಳೆದೊಯ್ದ ದಿನ ಟೆಂಡರಿನಿಂದ ಒಂದು ಹೆಂಟೆ ಜೇಬಿಗಿಳಿಸಿ ತಂದು, ಹೆಂಡತಿಯ ಲಟ್ಟಣಿಗೆಯಲ್ಲಿ ಪುಡಿಮಾಡಿ, ಚಿಮಟದಲ್ಲಿ ಒಂದೊಂದೇ ಚೂರು ಹಿಡಿದು ಈ ಪುಟ್ಟ ಟೆಂಡರಿಗೆ ಅಂಟಿಸಿದ್ದ. ಲಟ್ಟಿಸಿದ್ದೆಲ್ಲ ಕಪ್ಪಾಗುತ್ತದೆಂದು ಎನಿಡ್ ಒಂದು ವಾರ ಬೈದಿದ್ದಳು. ಈಗ ಎನಿಡಳೂ ಇಲ್ಲ, ಎಂಜಿನ್ನೂ ಇಲ್ಲ. ಉಳಿದಿದ್ದದ್ದು ಒಂದು ಚಮಚದಷ್ಟು ಆ ಪುಡಿ.

ಚಹಾ ಮಾರುವ ಬೆರಿಲ್ ತನ್ನ ಕಸದ ಬುಟ್ಟಿಯನ್ನು ಮುಂದೆ ತಳ್ಳಿದಳು. ಹಿಂಡಿ ಎಸೆದ ಚಹಾ ಚೀಲಗಳ ನಡುವೆ ಕಪ್ಪು ಹರಳುಗಳು ಅಲ್ಲಲ್ಲಿ ಕಾಣುತ್ತಿದ್ದವು.

ಕ್ಲೈವ್‌ಗೆ ಈಗ ಸ್ವಲ್ಪ ಇರುಸುಮುರುಸಾಯಿತು. "ಕೋಪ ಮಾಡ್ಕೋಬೇಡಿ. ಒಂದ್ಸಲ ಓಡಿಸ್ತೀನಿ, ಬೆರಳಿಟ್ಟು ನೋಡಿ. ನಿಮ್ಮ ಎಂಜಿನ್ನಿನದೇ ದನಿ," ಎಂದು ಗುಂಡಿ ತಿರುಗಿಸಿದ.

ಎಂಜಿನ್ ಮೆಲ್ಲಗೆ ಹೊರಟಿತು. ಹೊರೇಸ್ ಅದುರು ತಿಳಿಯಲು ಟೆಂಡರಿನ ಮೇಲೆ ತೋರುಬೆರಳಿಟ್ಟು, ಚಕ್ರದ ಮೇಲೆ ಕಣ್ಣಿಟ್ಟು, ಮೇಜಿನ ಪಕ್ಕದಲ್ಲೇ ಹೆಜ್ಜೆ ಹಾಕಿದ. ಒಂದು ಸುತ್ತು. ಎರಡು. ಮೂರನೆಯದಕ್ಕೆ ನಿಂತುಬಿಟ್ಟ.

"ನನ್ನದು ಮೂರು ಸಿಲಿಂಡರಿನ ಎಂಜಿನ್ ಕಣೋ. ಚಕ್ರ ಒಂದು ಸುತ್ತು ಬಂದ್ರೆ ಆರು ಉಸಿರು ಬಿಡಬೇಕು. ಇದು ನಾಲ್ಕೇ ಬಿಡ್ತಿದೆ. ಯಾವುದೋ ಎರಡು ಸಿಲಿಂಡರಿನದರ ಉಸಿರು ತಂದು ಇದರ ಹೊಟ್ಟೇಲಿ ತುರುಕಿದೀಯ."

ಕ್ಲೈವನ ಮುಖ ಸಣ್ಣಗಾಯಿತು. ಅದನ್ನು ಅವನು ಎಣಿಸಿಯೇ ಇರಲಿಲ್ಲ.

ಹೊರೇಸ್ ಟೆಂಡರಿನ ಮುಚ್ಚಳ ಕಿತ್ತ. ಕಾಸಿನಗಲದ ಸ್ಪೀಕರನ್ನು ಎಳೆದು ಕ್ಲೈವನ ಅಂಗೈಗೆ ಹಾಕಿದ. ಅದು ಅಲ್ಲಿಯೂ ಬುಸುಗುಡುತ್ತಿತ್ತು. ಮೇಜಿನ ಮೇಲಿದ್ದ ಇಕ್ಕಳ ತೆಗೆದುಕೊಂಡು ತಂತಿ ಕತ್ತರಿಸಿದ. ಆಮೇಲೆ ತಲೆಯ ಟೊಪ್ಪಿ ತೆಗೆದು, ಬುಟ್ಟಿಯ ಪಕ್ಕ ಸ್ಟೂಲಿನಲ್ಲಿ ಕೂತು ಅದನ್ನು ಮಡಿಲಲ್ಲಿಟ್ಟುಕೊಂಡು, ಚಹಾ ಚೀಲ ಬಿಡಿಸಿ ಬಿಡಿಸಿ ಕಪ್ಪು ಹರಳುಗಳನ್ನು ಟೊಪ್ಪಿಗೆ ಆಯ್ದು ಹಾಕತೊಡಗಿದ.

ಕ್ಲೈವ್ ಅವನ ಮುಂದೆ ಬಗ್ಗಿ, ತುಟಿ ಕಾಣುವಂತೆ ಹೇಳಿದ: "ಇಷ್ಟು ಸಣ್ಣ ವಿಷಯ ಯಾರಿಗೆ ಗೊತ್ತಾಗತ್ತೆ ಯಜಮಾನ್ರೇ? ಬೆಳಿಗ್ಗೆಯಿಂದ ನಮ್ಮವರೇ ಹದಿನಾಲ್ಕು ಜನ ಈ ಸದ್ದು ಕೇಳಿದ್ರು. ಒಬ್ರೂ ಏನೂ ಅನ್ನಲಿಲ್ಲ."

ಹೊರೇಸ್ ಒಂದು ಹರಳನ್ನು ಅಂಗಿಗೆ ಒರೆಸಿ ಟೊಪ್ಪಿಗೆ ಹಾಕಿದ.

"ಇಪ್ಪತ್ತೆಂಟು ಕಿವಿ," ಎಂದ.