ಬಾಗಿಲ ಹಿಂದಿನ ರೊಕ್ಕ

“ಕಡೀ ದಿನ ಐತ್ರಿ ಸಾಹೇಬ್ರ. ಒಂದ್ಸಲ ಒಳಗ ಕರಕೊಂಡು ಹೋಗಿ ನನ್ನ ರೊಕ್ಕ ತೋರಿಸಿಬಿಡ್ರಿ,” ಎಂದ ಪೊಲೀಸ್ ಪೇದೆ ಅಲ್ಲಾಸಾಬ, ಬಂದೂಕು ಹೆಗಲಿನಿಂದ ಇಳಿಸದೆ.

ಶಿರಹಟ್ಟಿ ಖಜಾನೆಯ ಗುಮಾಸ್ತ ಪುಂಡಲೀಕಪ್ಪ ಪೆನ್ನು ಕೆಳಗಿಟ್ಟ. “ಯಾವ ರೊಕ್ಕಾರಿ?”

“ತಿಂಗಳಾ ತಿಂಗಳಾ ಪಗಾರದಾಗ ಕಪಾತ ಮಾಡಿದ್ರಲ್ರಿ, ಪ್ರಾವಿಡೆಂಟ್ ಫಂಡು. ಬೆಟಗೇರ್ಯಾಗ ಮಗಳಿಗೆ ಒಂದು ಮಗ್ಗ ಹಾಕಿಕೊಡಬೇಕು.”

ಎಂಬತ್ತೆರಡರ ಮೇ ತಿಂಗಳ ಕೊನೆಯ ದಿನವದು; ನಾಳೆಯಿಂದ ಅಲ್ಲಾಸಾಬ ಪಿಂಚಣಿದಾರ. ಖಜಾನೆಯ ಈ ಕಬ್ಬಿಣದ ಬಾಗಿಲನ್ನು ಅವನು ಬರೀ ಸಂಬಳಕ್ಕಾಗಿ ಕಾವಲು ಕಾದವನಲ್ಲ. ಸಂಬಳದಿಂದ ಮುರಿದುಕೊಂಡ ತನ್ನ ಕಪಾತದ ದುಡ್ಡು ಅದರ ಹಿಂದೆಯೇ ಗಂಟಾಗಿ ಕೂತಿದೆ ಎಂದು ನಂಬಿದ್ದ. ಜೊತೆಗಾರರು ತೂಕಡಿಸಿದರೂ ಇವನು ಎವೆ ಮುಚ್ಚುತ್ತಿರಲಿಲ್ಲ, ಇಲಿ ಓಡಿದರೂ ‘ಯಾರಲೇ?’ ಎಂದು ಗದರುತ್ತಿದ್ದ. ಸ್ವಂತ ಗಂಟು ಒಳಗಿರುವಾಗ ನಿದ್ದೆ ಎಲ್ಲಿಂದ ಬರಬೇಕು!

ಪುಂಡಲೀಕಪ್ಪನಿಗೆ ನಗು ಬಂತು. ಅಲ್ಲಾಸಾಬನ ಮುಖ ನೋಡಿ ನುಂಗಿಕೊಂಡ. “ಒಳಗಿರೋದು ಸ್ಟಾಂಪ್ ಕಾಗದ, ದಿನದ ಖರ್ಚಿನ ನಗದು. ನಿಮ್ಮ ರೊಕ್ಕ ಸರಕಾರ ತನ್ನ ಜಮಾ ಅಂತ ಹಿಡಕೊಂಡು ರಸ್ತಾ, ಕೆರಿಗೆ ಖರ್ಚು ಮಾಡೈತಿ. ನಿಮಗ ಕೊಡೋದೈತಿ ಅಂತನೂ ಬರಕೊಂಡೈತಿ. ಬಡ್ಡಿ ಸಮೇತ ಬರತೈತಿ, ಕಾಳಜಿ ಬಿಡ್ರಿ.”

“ಅಂದ್ರ ಜಮಾನೂ ಹೌದು, ಸಾಲಾನೂ ಹೌದೇನ್ರಿ?”

“ಎರಡೂ ಹೌದು.”

“ಮತ್ತ ನನಗ ಎಲ್ಲಿಂದ ತಂದು ಕೊಡ್ತಾರ?”

“ಈಗ ನೌಕರಿ ಮಾಡೋರ ಕಪಾತ ಬರತೈತಿ, ಕಂದಾಯ ಬರತೈತಿ, ಅದರಾಗ. ಪೆನ್ಶನ್ನೂ ಹಂಗ, ಆಯಾ ವರ್ಷ ಬಂದದ್ದರಾಗ. ನಿಮಗಂತ ತೆಗೆದಿಟ್ಟದ್ದು ಏನೂ ಇಲ್ರಿ.”

ಅಲ್ಲಾಸಾಬ ಕಬ್ಬಿಣದ ಬಾಗಿಲ ಕಡೆ ತಿರುಗಿ ನೋಡಿದ. ದುಡ್ಡು ಇದೆ ಎನ್ನಬೇಕೋ, ಇಲ್ಲ ಎನ್ನಬೇಕೋ? ಮನೆಯಲ್ಲಿ ಹೆಂಡತಿ ಮೋತಿಬಿ ಕೇಳಿದರೆ ಏನು ಹೇಳುವುದು?

“ಹಂಗಾರ ಇಷ್ಟು ವರ್ಷ ನಾ ಕಾದದ್ದು ಏನ್ರಿ?”

ಪುಂಡಲೀಕಪ್ಪ ಪೆನ್ನು ಮತ್ತೆ ಕೈಗೆತ್ತಿಕೊಂಡ. ಬಿಲ್ಲುಗಳ ಕಟ್ಟು ಬಿಚ್ಚತೊಡಗಿದ.

ಸಂಜೆ ಕಾವಲಿಗೆ ಹೊಸ ಪೇದೆ ಸಕ್ರಪ್ಪ ಬಂದ. ಬಂದೂಕು ಇಸಿದುಕೊಂಡು, ಬಾಗಿಲಿನ ಜೋಡಿ ಬೀಗ ಜಗ್ಗಿ ನೋಡಿ, “ಇದರಾಗ ಏನೈತಿ ಕಾಕಾ?” ಎಂದು ಕೇಳಿದ.

ಮಗಳ ಮಗ್ಗ ಇನ್ನು ಈ ಹುಡುಗನ ಪಗಾರದ ಕಪಾತದಿಂದಲೇ ಬರಬೇಕಲ್ಲ ಎಂದು ಅಲ್ಲಾಸಾಬನಿಗೆ ಆಗ ಹೊಳೆಯಿತು.

“ನಿನ್ನ ರೊಕ್ಕ ಐತಿ ತಮ್ಮಾ,” ಎಂದ. “ಹುಷಾರಿಲೆ ಕಾಯಿ.”