ಇನ್ನೂರ ನಲವತ್ತು ಮೆಟ್ಟಿಲು

ಏಳನೆಯ ಹಲಗೆಯ ಮೇಲೆ ಅವಳು ಕುಸಿದು ಕೂತಳು. ಕ್ರೇನಿನ ಕಬ್ಬಿಣದ ಗೋಪುರದೊಳಗೆ ನೆಟ್ಟಗೆ ಮೇಲೇರುವ ಏಣಿಗೆ ಇನ್ನೂರ ನಲವತ್ತು ಮೆಟ್ಟಿಲು. ದಣಿದವರು ನಿಲ್ಲಲೆಂದು ಇಪ್ಪತ್ತನಾಲ್ಕು ಮೆಟ್ಟಿಲಿಗೊಂದು ಹಲಗೆ. ಒಂದು ಕಾಲಕ್ಕೆ ಆ ಹಲಗೆಗಳನ್ನು ಅವಳು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅದಕ್ಕೇ ಕಟ್ಟಡ ಕೆಲಸದವರು ಅವಳಿಗೆ ಹದ್ದು ಎಂದು ಹೆಸರಿಟ್ಟು, ಮರ್ಯಾದೆಗೆ ಅಕ್ಕ ಸೇರಿಸಿ, ಹದ್ದಕ್ಕ ಮಾಡಿದ್ದು. ಇವತ್ತು ಹದ್ದಕ್ಕ ಬಾಯಿ ಬಿಟ್ಟು ತೇಕುತ್ತಿದ್ದಳು. ಕೆಳಗೆ ಕಾಂಕ್ರೀಟು ತಂದ ಲಾರಿಗಳು ಹೊಟ್ಟೆ ತಿರುಗಿಸುತ್ತ ಕಾಯುತ್ತಿದ್ದವು.

ಸೊಂಟದ ವಾಕಿಟಾಕಿ ಗೊರಗುಟ್ಟಿತು. ಎಂಜಿನಿಯರ್.

“ಎಲ್ಲಿದ್ದೀರಮ್ಮ?”

“ಏಳರಲ್ಲಿ, ಸಾರ್.”

“ಇನ್ನೂ ಏಳು? ಇಪ್ಪತ್ತೈದು ನಿಮಿಷ ಆಯ್ತು. ನೋಡಿ, ಬೇಜಾರು ಮಾಡ್ಕೋಬೇಡಿ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಈ ಮೈ ಹೊತ್ಕೊಂಡು ಇದು ಆಗೋ ಹೋಗೋ ಮಾತಲ್ಲ. ನಾಳೆಯಿಂದ ಗೇಟಲ್ಲಿ ಕೂತು ಗಾಡಿ ನಂಬರ್ ಬರ್ಕೊಳ್ಳಿ. ಕುರ್ಚಿ ಇದೆ, ಫ್ಯಾನ್ ಇದೆ. ಕ್ರೇನಿಗೆ ಬೇರೆಯವರನ್ನ ನೋಡ್ತೀನಿ.”

ವಾಕಿಟಾಕಿಯಲ್ಲಿ ಆಡಿದ ಮಾತು ಇಬ್ಬರ ನಡುವೆ ಉಳಿಯುವುದಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಎಲ್ಲರಿಗೂ ಕೇಳಲೆಂದು ಗುಂಡಿ ಒತ್ತಿಹಿಡಿದೇ ನಕ್ಕರು.

ಈ ಏಣಿ ಹತ್ತಿ ಇಳಿದೇ ಅವಳು ಮೊದಲ ವರ್ಷದಲ್ಲಿ ಇಪ್ಪತ್ತು ಕೆ.ಜಿ. ಕಳೆದುಕೊಂಡಿದ್ದಳು. ಬಟ್ಟೆಗಳನ್ನೆಲ್ಲ ಹಿಡಿಸಿ ಹೊಲಿಸಿಕೊಂಡು, ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತು, ತಂಗಿಯನ್ನು ನಗಿಸಿದ್ದಳು. ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷಿಯಲ್ಲಿ ಎನ್ನುವ ಹಾಗೆ ಅದರಲ್ಲಿ ಹದಿನೆಂಟು ಕೆ.ಜಿ. ತಿರುಗಿ ಬಂದು ಸೊಂಟದ ಮೇಲೆ ಕೂತಿತ್ತು. ಸಕ್ಕರೆ ಬಿಟ್ಟಳು, ರಾತ್ರಿಯೂಟ ಬಿಟ್ಟಳು, ತಿಂದದ್ದಕ್ಕೆಲ್ಲ ತನ್ನನ್ನೇ ಶಪಿಸಿಕೊಂಡಳು. ಕಡೆಗೆ ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿ, ಪ್ರಯತ್ನವನ್ನೂ ಬಿಟ್ಟಳು. ನನ್ನ ಬಾಯಿಯೇ ನನಗೆ ಶತ್ರು, ಯಾರನ್ನು ಅಂದು ಏನು? ಗೇಟಿನ ಕುರ್ಚಿ ಕಣ್ಣ ಮುಂದೆ ಬಂತು. ಎದ್ದು, ಒಂದು ಕಾಲನ್ನು ಕೆಳಗಿನ ಮೆಟ್ಟಿಲಿಗೆ ಇಳಿಬಿಟ್ಟಳು.

“ಹದ್ದಕ್ಕ, ನಾನು.” ಸೀಟಿಯಣ್ಣ. ವಾಕಿಟಾಕಿ ಬರುವ ಮೊದಲು ಸೀಟಿ ಊದಿ ಕ್ರೇನಿಗೆ ಸನ್ನೆ ಕೊಡುತ್ತಿದ್ದವನು, ಈಗ ಮಾತಿನಲ್ಲಿ ಕೊಡುತ್ತಾನೆ. ನಡೆದದ್ದು ಏನೂ ಕೇಳಿಸಿಯೇ ಇಲ್ಲವೆಂಬಂತೆ ದಿನದ ಪ್ರಶ್ನೆಯನ್ನೇ ಕೇಳಿದ. “ಊಟದ ಡಬ್ಬಿ ಈಗ್ಲೇ ಹಗ್ಗಕ್ಕೆ ಕಟ್ಲಾ, ಒಂದು ಗಂಟೆಗಾ?”

ಹಗ್ಗ.

ಅವಳ ಕಾಲು ಇದ್ದಲ್ಲೇ ನಿಂತಿತು. ಎಂಟು ತಿಂಗಳ ಹಿಂದಿನವರೆಗೆ ಹಗ್ಗ ಇರಲಿಲ್ಲ. ಮಧ್ಯಾಹ್ನ ಇಳಿದು ಬಂದು, ಹತ್ತು ಜನರ ನಡುವೆ ಉಂಡು, ಮತ್ತೆ ಹತ್ತುತ್ತಿದ್ದಳು. ಅದರಿಂದ ಮುಕ್ಕಾಲು ಗಂಟೆ ಹಾಳು ಎಂದು ಲೆಕ್ಕ ಹಾಕಿದ್ದು ಇದೇ ಎಂಜಿನಿಯರ್. ಆಪರೇಟರ್ ಇಳಿಯಕೂಡದು, ಡಬ್ಬಿ ಮೇಲೆ ಹೋಗಲಿ ಎಂದ. ಅಂದಿನಿಂದ ದಿನಕ್ಕೆ ಹತ್ತು ಗಂಟೆ ಅವಳು ಗೋಪುರದ ತುದಿಯ ಕ್ಯಾಬಿನ್ನಿನ ಆಸನಕ್ಕೆ ಬೆಸುಗೆ ಹಾಕಿದಂತೆ ಕೂತಿದ್ದಳು. ಅಲ್ಲಾಡುವುದು ಎರಡು ಮಣಿಕಟ್ಟು ಮಾತ್ರ. ಕ್ರೇನಿನ ಕೊಕ್ಕೆ ನಿಲ್ಲದ ಮೇಲೆ ಕೆಳಗಿನವರಿಗೂ ಊಟದ ಹೊತ್ತಿಲ್ಲ. ಸರದಿಯಲ್ಲಿ ನಿಂತೇ ನುಂಗುತ್ತಿದ್ದರು. ದಿನಕ್ಕೆ ಇನ್ನೂರ ನಲವತ್ತು ಮೆಟ್ಟಿಲನ್ನು ಅವಳ ಕಾಲಿನಿಂದ ಕಿತ್ತುಕೊಂಡವರು ಯಾರೋ, ಅವಳು ಶಿಕ್ಷೆ ಕೊಟ್ಟದ್ದು ತನ್ನ ನಾಲಿಗೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಕಾಲನ್ನು ಮೇಲಕ್ಕೆಳೆದುಕೊಂಡಳು. ಗುಂಡಿ ಒತ್ತಿದಳು.

“ಕಟ್ಬೇಡ, ಸೀಟಿಯಣ್ಣ. ಡಬ್ಬಿ ನಿನ್ನ ಹತ್ರಾನೇ ಇರ್ಲಿ. ಒಂದು ಗಂಟೆಗೆ ನಾನು ಇಳಿದು ಬರ್ತೀನಿ.”

“ಯಾರನ್ನ ಕೇಳಿ?” ಎಂಜಿನಿಯರನ ದನಿ ನಡುವೆ ನುಗ್ಗಿತು. “ಮತ್ತೆ ಹತ್ತೋಕೆ ಸಂಜೆ ಆಗುತ್ತೆ ನಿಮಗೆ.”

“ಇವತ್ತು ಆಗುತ್ತೆ, ಸಾರ್. ನಾಳೆ ಒಂಚೂರು ಕಮ್ಮಿ. ಇನ್ನೊಂದು ತಿಂಗಳಿಗೆ ನೀವು ಟೀ ಕುಡಿದು ಲೋಟ ಇಡೋದ್ರೊಳಗೆ ಮೇಲಿರ್ತೀನಿ. ಹಿಂದೆ ಇರ್ಲಿಲ್ವಾ?”

“ನಾನು ಹೇಳಿದ್ದು ಗೇಟು.”

“ನನ್ನ ಲೈಸೆನ್ಸ್ ತೆಗೆದು ನೋಡಿ. ಕಣ್ಣು, ಕಿವಿ, ಕೈ ಅಂತ ಬರ್ದಿದಾರೆ. ಸೊಂಟದ ಅಳತೆ ಎಲ್ಲೂ ಬರ್ದಿಲ್ಲ. ಬೇರೆಯವರು ಸಿಕ್ಕಿದ್ರೆ ಕರೆಸಿ. ಬಂದವರಿಗೂ ಮಧ್ಯಾಹ್ನ ಹಸಿವಾಗುತ್ತೆ.”

ಅವಳು ಹತ್ತಿದಳು. ಎಂಟರಲ್ಲಿ ನಿಂತಳು, ಒಂಬತ್ತರಲ್ಲಿ ಕೂತಳು, ಆದರೆ ತಲೆ ತಗ್ಗಿಸಿ ಕೂರಲಿಲ್ಲ. ಕ್ಯಾಬಿನ್ನಿನ ಬಾಗಿಲು ಎಳೆದುಕೊಂಡು ಸೀಟಿನಲ್ಲಿ ಕೂತ ಮೇಲೆ ಕೈಗಳು ಹಿಂದಿನ ಕೈಗಳೇ: ಮೊದಲೇ ಎರಕ ಹೊಯ್ದ ನಾಲ್ಕು ಟನ್ನಿನ ಕಾಂಕ್ರೀಟು ಮೆಟ್ಟಿಲುಸಾಲನ್ನು, ತನ್ನ ಕಣ್ಣಿಗೆ ಕಾಣದ ಗೋಡೆಯಾಚೆಗೆ, ಸೀಟಿಯಣ್ಣನ ‘ಇನ್ನು ಒಂದು ಬೆರಳು, ಇನ್ನು ಅರ್ಧ ಬೆರಳು’ ಕೇಳಿಕೊಂಡೇ, ಮಲಗಿದ ಮಗುವಿಗೆ ಹೊದಿಸುವ ಹಾಗೆ ಇಳಿಸಿದಳು.

ಒಂದು ಗಂಟೆಗೆ ಬರಿಯ ಕೊಕ್ಕೆಯನ್ನು ಮೇಲೆತ್ತಿ, ಕ್ಯಾಬಿನ್ನಿಗೆ ಬೀಗ ಹಾಕಿ, ಇಳಿದಳು. ಮೇಲಿನಿಂದ ಏನೂ ಬರದ ಮೇಲೆ ಕೆಳಗೆ ಮಾಡಲು ಏನೂ ಇರಲಿಲ್ಲ. ಕಂಬಿ ಕಟ್ಟುವವರು, ಗಾರೆಯವರು, ಬೆಳಿಗ್ಗೆ ನಕ್ಕವನೂ ಸೇರಿ, ಕೈ ತೊಳೆದು ನೆರಳಿನಲ್ಲಿ ಸಾಲಾಗಿ ಕೂತರು. ಎಂಟು ತಿಂಗಳಲ್ಲಿ ಮೊದಲ ಸಲ. ಸೀಟಿಯಣ್ಣ ಪಕ್ಕಕ್ಕೆ ಸರಿದು ಜಾಗ ಮಾಡಿದ. ಅವಳು ಹೊಟ್ಟೆ ತುಂಬ ಉಂಡಳು, ತನ್ನನ್ನು ಬೈದುಕೊಳ್ಳದೆ ಉಂಡಳು.

ಡಬ್ಬಿ ತೊಳೆದಿಟ್ಟು ಏಣಿಯ ಬುಡಕ್ಕೆ ಬಂದಾಗ ಎಂಜಿನಿಯರ್ ಮಣಿಕಟ್ಟಿನ ಗಡಿಯಾರ ನೋಡುತ್ತ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ. ಅವಳು ಸೊಂಟಪಟ್ಟಿ ಬಿಗಿದುಕೊಂಡು ಮೊದಲ ಮೆಟ್ಟಿಲಿಗೆ ಕೈ ಹಾಕಿ, “ಬರೋ ಹಾಗಿದ್ರೆ ಬನ್ನಿ ಸಾರ್, ಹತ್ತುತ್ತಾ ಮಾತಾಡೋಣ” ಎಂದಳು. ಅವನು ಮಾತು ಜೋಡಿಸಿಕೊಳ್ಳುವಷ್ಟರಲ್ಲಿ ಅವಳು ಹನ್ನೆರಡನೆಯ ಮೆಟ್ಟಿಲಲ್ಲಿದ್ದಳು. ಇನ್ನೇನು ಹೇಳಬೇಕೆಂದರೂ ಅವನು ಕತ್ತೆತ್ತಿಯೇ ಹೇಳಬೇಕಿತ್ತು.