ಫೋನು ಬಂದಾಗ

ಬೈಕಿನ ಹಳೇ ಆಯಿಲ್ ಬೋಗುಣಿಗೆ ಇಳಿಸಿ ಫಿಲ್ಟರ್ ಬಿಚ್ಚುತ್ತಿದ್ದಾಗ ಮಾಲತೇಶನ ಅಂಗಿ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬೆಳಗಿನಿಂದ ಅದಕ್ಕಾಗಿಯೇ ಕಾಯುತ್ತಿದ್ದ. ಕೂತಲ್ಲಿ ಕೂರಲಾಗದೆ ಈ ಕೆಲಸ ಹಚ್ಚಿಕೊಂಡಿದ್ದ. ಹೆಂಡತಿ ದಾನವ್ವನ ಎದೆಯ ಗಂಟಿನ ರಿಪೋರ್ಟು ಏನೇ ಇರಲಿ, ಮೊದಲು ತನಗೊಬ್ಬನಿಗೇ ಹೇಳಬೇಕೆಂದು ಹಾನಗಲ್ಲಿನ ಡಾಕ್ಟರಿಗೆ ಗುಟ್ಟಾಗಿ ಹೇಳಿ ಬಂದಿದ್ದ.

ಎರಡೂ ಕೈ ಕರ್ರಗಾಗಿದ್ದವು. ಒರೆಸಿಕೊಳ್ಳಲು ಅರಿವೆ ಹುಡುಕುವಷ್ಟರಲ್ಲಿ ದಾನವ್ವ ಒಳಗಿಂದ ಬಂದು ಅವನ ಜೇಬಿಗೆ ಕೈಹಾಕಿದಳು.

“ಬ್ಯಾಡ, ಇರ್ಲಿ ಬಿಡು. ನಾ ಆಮ್ಯಾಲೆ ಮಾತಾಡ್ತೇನಿ.”

“ನಿಮ್ಮ ಕೈ ನೋಡ್ಕೋರಿ ಹೆಂಗಾಗ್ಯಾವ,” ಎನ್ನುತ್ತ ಅವಳು ಫೋನಿನಲ್ಲಿ ಬಂದ ಹೆಸರು ಓದಿದಳು. ಆಮೇಲೆ ಅವನ ಮುಖ ನೋಡಿದಳು. ಅಷ್ಟರಲ್ಲೇ ಅವಳಿಗೆ ಎಲ್ಲ ತಿಳಿಯಿತು. ಕಟ್ಟೆಯ ಮೇಲೆ ಕೂತು ಫೋನು ಕಿವಿಗಿಟ್ಟುಕೊಂಡಳು.

“ಅವರಿಗಲ್ರಿ ಡಾಕ್ಟ್ರ. ಗಂಟು ನಂದೈತಿ. ನನಗ ಹೇಳ್ರಿ.”